ಬಂಡೆ ಸೀಳಿ ಬಂದ ನೀರು

ಆಗಿನ್ನೂ ಜಯನಗರದ ಬ್ಲಾಕುಗಳಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಅಲ್ಲಿಂದ ಬನಶಂಕರಿ ಕಡೆಗೆ ನಡೆದರೆ ಸಿಗುತ್ತಿದ್ದ ಬಂಡೆಗುಡ್ಡದ ಮೇಲೆ ನಮ್ಮ ಹನ್ನೊಂದು ಮನೆಗಳಿದ್ದವು. ಎಲ್ಲರೂ ಕಲ್ಲು ಕೆಲಸದವರು. ಜಯನಗರದ ಕಾಂಪೌಂಡುಗಳಿಗೆ ನಿಲ್ಲಿಸಿದ ಚಪ್ಪಡಿಗಳನ್ನು ಎಬ್ಬಿಸಿದ್ದು ನಮ್ಮವರೇ. ನಮ್ಮನ್ನು ಯಾರಾದರೂ ಕೊಂಪೆಯವರು ಅಂದರೆ ನನಗೆ ಈಗಲೂ ಮೈ ಉರಿಯುತ್ತದೆ.

ಗುಡ್ಡದ ಬುಡದ ಬಾವಿಯ ಪಂಪಿನಿಂದ ಮೇಲಿನ ತೊಟ್ಟಿಗೆ ಒಂದು ಹಳೇ ಕಬ್ಬಿಣದ ಪೈಪು ಬರುತ್ತಿತ್ತು. ನನಗೆ ಒಂಬತ್ತು ವರ್ಷವಾಗುವಷ್ಟರಲ್ಲಿ ಅದು ತುಕ್ಕು ಹಿಡಿದು ಜರಡಿಯಾಗಿತ್ತು. ಅನ್ನವೆಲ್ಲ ಕೆಂಪು, ಸಾರಿಗೆಲ್ಲ ಕಬ್ಬಿಣದ ವಾಸನೆ. ಆ ಬೇಸಿಗೆಯಲ್ಲಿ ತೊಟ್ಟಿಗೆ ಹನಿ ನೀರೂ ಏರಲಿಲ್ಲ. ಎಂಟು ತಿಂಗಳ ಬಸುರಿ ಅವ್ವ ದಿನಾ ಆರು ಸಲ ಕೊಡ ಹೊತ್ತು ಬಂಡೆ ಹತ್ತುತ್ತಿದ್ದಳು. ಒಂದು ದಿನ ಜಾರಿ ಬಿದ್ದಳು. ದೇವರ ದಯೆ, ಹೊಟ್ಟೆಗೆ ಪೆಟ್ಟಾಗಲಿಲ್ಲ. ಆದರೆ ಅಜ್ಜಿ ಅವತ್ತು ಮುದ್ದೆ ಮುಟ್ಟಲಿಲ್ಲ.

ಅದೇ ವಾರ ಹೊಸ ಪೈಪಿಗೆ ಅಳತೆ ತೆಗೆಯಲು ನೀರಿನ ಆಫೀಸಿನಿಂದ ಎಂಜಿನಿಯರೊಬ್ಬರು ಬಂದರು.

"ಹಳೇದನ್ನ ಕಿತ್ತು ಬುಡದಲ್ಲಿ ಒಂದು ನಲ್ಲಿ ಕೊಡ್ತೀವಿ. ಪೈಪ್ ಹೂಳಲೇಬೇಕು ಅಂತ ರೂಲ್ಸು. ಈ ಬಂಡೇಲಿ ಕಾಲುವೆ ಕೊರೆಯೋಕಾಗಲ್ಲಮ್ಮ," ಅಂದರು.

"ನಾವು ಕೊರೆದು ಕೊಟ್ರೆ ಮೇಲಿನ ತನಕ ಹಾಕ್ತೀರಾ ಸಾಮಿ?" ಅಂತ ಅಜ್ಜಿ ಕೇಳಿದಳು.

ಅವರು ನಕ್ಕರು. "ಹಾಕ್ತೀನಿ. ಹತ್ತು ದಿನ ಟೈಮು. ಕೊರೀರಿ, ನೋಡೋಣ."

ಆ ನಗು ಅಜ್ಜಿಗೆ ನಾಟಿತು. ಗಂಡಸರು ಬೇರೆ ಕಡೆ ಕೆಲಸಕ್ಕೆ ಹೋಗುತ್ತಿದ್ದರು, ಹಾಗಾಗಿ ಹಗಲೆಲ್ಲ ಹೆಂಗಸರದೇ ಕೆಲಸ. ನಾವು ಮಕ್ಕಳು ಕುಂಟೆಬಿಲ್ಲೆ ಬಿಟ್ಟು ಲಂಟಾನ ಕಡ್ಡಿ ಹೊತ್ತು ತರುತ್ತಿದ್ದೆವು. ಗೆರೆ ಎಳೆದ ಕಡೆ ಬೆಂಕಿ ಹಾಕಿದರೆ ಬಂಡೆ ಕಾದು, ಉಬ್ಬಿ, ಪದರ ಬಿಡುತ್ತದೆ. ಅಜ್ಜಿ ಸುತ್ತಿಗೆಯಲ್ಲಿ ತಟ್ಟಿ ಕಿವಿಗೊಡುತ್ತಿದ್ದಳು. ಟೊಳ್ಳು ಸದ್ದು ಬಂದರೆ ಉಳಿ ಹಿಡಿಯಬೇಕು, ಇಲ್ಲದಿದ್ದರೆ ಇನ್ನೊಂದಷ್ಟು ಬೆಂಕಿ. ಆ ಕೆಂಡದಲ್ಲೇ ಗೆಣಸು ಸುಟ್ಟು, ಬೂದಿ ಊದಿಕೊಂಡು ತಿಂದೆವು. ಅಂಥ ರುಚಿ ಆಮೇಲೆ ಸಿಕ್ಕಿಲ್ಲ.

ನಾಲ್ಕನೇ ದಿನ ನನಗೆ ಆತುರ ತಡೆಯಲಿಲ್ಲ. ಕಾದ ಬಂಡೆಗೆ ಒಂದು ಚೊಂಬು ನೀರು ಸುರಿದೆ. ಅದು ಅಡ್ಡಡ್ಡ ಸೀಳಿತು.

"ಬಂಡೆ ನಿನ್ ಮಾತು ಕೇಳ್ತದೇನೇ? ಅದು ಹೇಳೋದನ್ನ ನೀನು ಕೇಳ್ಬೇಕು," ಅಂತ ಅಜ್ಜಿ ಕಿವಿ ಹಿಂಡಿದಳು. ಒಂದು ದಿನ ದಂಡವಾಯಿತು. ಕಾಲುವೆ ಅಲ್ಲಿ ಸೊಟ್ಟಗಾಯಿತು, ಆದರೂ ಹತ್ತನೇ ದಿನಕ್ಕೆ ತೊಟ್ಟಿ ಮುಟ್ಟಿತು.

ಎಂಜಿನಿಯರು ಬಂದು ನೋಡಿ ಹುಬ್ಬು ಗಂಟಿಕ್ಕಿದರು. "ಯಾರನ್ನ ಕೇಳಿ ಕೊರೆದ್ರಿ?"

"ನಿಮ್ಮನ್ನೇ," ಅಂದಳು ಅಜ್ಜಿ.

"ನಾನು ತಮಾಷೆಗೆ ಅಂದಿದ್ದಮ್ಮ."

ಅಜ್ಜಿ ಸೆರಗು ಬಿಗಿದು ಕಾಲುವೆಯೊಳಗೆ ಉದ್ದಕ್ಕೆ ಮಲಗಿಬಿಟ್ಟಳು. "ಇಲ್ಲಿ ನಿಮ್ ಪೈಪ್ ಮಲಗಬೇಕು. ಅಲ್ಲೀತನಕ ನಾನು ಮಲಗಿರ್ತೀನಿ," ಅಂದಳು. ಅವ್ವ ಹೊಟ್ಟೆ ಹಿಡಿದುಕೊಂಡು ಪಕ್ಕದಲ್ಲಿ ಕೂತಳು. ಹನ್ನೊಂದು ಮನೆಯ ಹೆಂಗಸರೂ ಸಾಲಾಗಿ ಕೂತರು. ನನಗೆ ಹೆದರಿಕೆಯಾಗಿತ್ತು, ಆದರೂ ಕೂತೆ. ಎಂಜಿನಿಯರು ಮಧ್ಯಾಹ್ನದ ತನಕ ಬಿಸಿಲಲ್ಲಿ ನಿಂತು, ಕೊನೆಗೆ ಪೈಪುಗಳನ್ನು ಮೇಲಕ್ಕೆ ತರಿಸಿದರು.

ತಮ್ಮ ಹುಟ್ಟಿದಾಗ ಹೊಸ ಪೈಪಿನ ತಿಳಿ ನೀರಿನಲ್ಲೇ ಎರೆದರು. ಅವ್ವ ಮತ್ತೆಂದೂ ಕೊಡ ಹೊತ್ತು ಬಂಡೆ ಹತ್ತಲಿಲ್ಲ.

ಈಗ ಆ ಗುಡ್ಡವೇ ಇಲ್ಲ. ಸಿಡಿಮದ್ದಿಟ್ಟು ನೆಲಸಮ ಮಾಡಿ ಅಪಾರ್ಟ್‌ಮೆಂಟು ಕಟ್ಟಿದ್ದಾರೆ. ಅದರಲ್ಲೇ ಮೂರನೇ ಮಹಡಿಯಲ್ಲಿ ನಾನಿದ್ದೇನೆ, ಹಠಕ್ಕೇ ತೆಗೆದುಕೊಂಡೆ ಅನ್ನಿ. ಹೋದ ಬೇಸಿಗೆಯಲ್ಲಿ ನಾಲ್ಕು ದಿನ ನೀರು ನಿಂತಿತು. ಎಲ್ಲರೂ ಫೋನಿನಲ್ಲಿ ಬೈದುಕೊಂಡು, ಟ್ಯಾಂಕರ್ ತರಿಸಿ ಸುಮ್ಮನಾದರು. ಪಕ್ಕದ ಮನೆಯಲ್ಲಿ ಯಾರು ಬಸುರಿ, ಯಾರು ಮುದುಕಿ ಅಂತ ಒಬ್ಬರಿಗೂ ಗೊತ್ತಿಲ್ಲ. ನನಗೆ ರೇಗಿಹೋಯಿತು. ಕೋಲೂರಿಕೊಂಡು ನಲವತ್ತು ಬಾಗಿಲು ಬಡಿದೆ. ಜೊತೆಗೆ ಬರುತ್ತೇವೆ ಅಂದವರು ಇಬ್ಬರು.

ಆ ಇಬ್ಬರನ್ನೇ ಕರೆದುಕೊಂಡು ನೀರಿನ ಆಫೀಸಿಗೆ ಹೋಗಿ, ಬಾಗಿಲಿಗೆ ಅಡ್ಡ ಕೂತೆ.