ಪರೀಕ್ಷೆಗೆ ಬಂದ ಒಳ್ಳೆಯ ಸಿಮೆಂಟು

ಇವತ್ತು ಬೆಳಿಗ್ಗೆ ನನ್ನ ಮೇಜಿನ ಮೇಲೆ ಉಪ್ಪಿನಕಾಯಿ ಬಾಟಲಿಯೊಂದು ಕೂತಿತ್ತು. ಒಳಗೆ ಸಿಮೆಂಟು. ಮುಚ್ಚಳ ತೆಗೆದೊಡನೆ, ಎಷ್ಟು ತೊಳೆದರೂ ಹೋಗದ ಇಂಗಿನ ವಾಸನೆ ಮೂಗಿಗೆ ಬಡಿಯಿತು. ಕಂಟ್ರಾಕ್ಟರುಗಳು ಪರೀಕ್ಷೆಗೆ ಸಿಮೆಂಟು ಕಳಿಸುವ ಶ್ರದ್ಧೆ ಕಂಡರೆ ನಿಮಗೂ ಕೈಮುಗಿಯೋಣ ಅನ್ನಿಸೀತು. ಗಂಟು ಆರಿಸಿ, ಜರಡಿ ಹಿಡಿದು ಕಳಿಸುತ್ತಾರೆ.

ನಮ್ಮದು ಕೆ.ಆರ್. ಪುರದ ಸಣ್ಣ ಪ್ರಯೋಗಾಲಯ. ಅಲ್ಲಿನ ಯಂತ್ರ ಪುಡಿಯ ಮೇಲೆ ಎಕ್ಸ್-ರೇ ಬಿಡುತ್ತದೆ. ಒಂದೊಂದು ಖನಿಜವೂ ಆ ಕಿರಣವನ್ನು ತನ್ನದೇ ಕೋನಗಳಲ್ಲಿ ಚದುರಿಸುತ್ತದೆ. ಪರದೆಯ ಮೇಲೆ ಅದರದರ ಜಾಗದಲ್ಲಿ ಮೊನೆಗಳು ಏಳುತ್ತವೆ. ಬಲ ಕೊಡುವ ಖನಿಜ ಎಷ್ಟಿದೆ, ಕಲ್ಲುಪುಡಿ ಎಷ್ಟು ಬೆರೆತಿದೆ, ಎಲ್ಲ ಗೊತ್ತಾಗುತ್ತದೆ. ಈ ವಿದ್ಯೆಯ ಜಂಬದಲ್ಲಿ ನಾನು ಬಹಳ ವರ್ಷ ಪ್ರಯೋಗಾಲಯದ ಹೊಸ್ತಿಲು ದಾಟಿದವನಲ್ಲ.

ಆಗ ಶಿವಾಜಿನಗರದ ದರ್ಜಿ ಸಲೀಂ ಭಾಯ್ ಕಗ್ಗದಾಸಪುರದಲ್ಲಿ ಮನೆ ಕಟ್ಟಿಸುತ್ತಿದ್ದರು. ನನ್ನ ಪ್ಯಾಂಟುಗಳನ್ನೆಲ್ಲ ಹೊಲಿದವರು. "ಸಾಬ್, ನೀವು ಓಕೆ ಅಂದ್ರೆ ಮಾತ್ರ ಮೋಲ್ಡಿಂಗ್ ಹಾಕ್ಸೋದು," ಎಂದಿದ್ದರು. ಕಂಟ್ರಾಕ್ಟರ್ ಮುನಿರಾಜು ತಂದುಕೊಟ್ಟ ಪುಡಿ ಅಪ್ಪಟವಾಗಿತ್ತು. ಸಹಿ ಹಾಕಿದೆ. ತಾರಸಿ ಎದ್ದಿತು.

ತಾರಸಿಗೆ ಕೊಟ್ಟಿದ್ದ ಆಸರೆ ಬಿಚ್ಚುವ ದಿನ ನನ್ನನ್ನೂ ಕರೆದಿದ್ದರು. ನಾನು ಬಾಗಿಲಲ್ಲಿದ್ದೆ. ಅವರು ಒಳಗೆ ಮೂಲೆಯಲ್ಲಿ ನಿಂತು, "ಇದು ಬೇಟಿ ರೂಮು," ಎಂದು ಮಗಳ ಕೋಣೆ ತೋರಿಸುತ್ತಿದ್ದರು. ಮೊದಲು ಸ್ವಲ್ಪ ಪುಡಿ ಅವರ ಭುಜದ ಮೇಲೆ ಉದುರಿತು. ಕೊಡವಿಕೊಂಡರು. ಆಮೇಲೆ ಮೂಲೆ ಬಿತ್ತು. ಸದ್ದಿಗಿಂತ ಮೊದಲೇ ಧೂಳು ಕಂಡ ಹಾಗೆ ನನಗೆ ನೆನಪು, ಹಾಗಿರಲಿಕ್ಕಿಲ್ಲ. ಹೊಲಿಗೆ ಯಂತ್ರ ತುಳಿಯುತ್ತಿದ್ದ ಬಲಗಾಲನ್ನು ಆಸ್ಪತ್ರೆಯಲ್ಲಿ ತೆಗೆಯಬೇಕಾಯಿತು.

ಆ ಮನೆಯ ಅಂಗಳದಲ್ಲಿ ಉಳಿದಿದ್ದ ಸಿಮೆಂಟು ಮೂಟೆಯಿಂದ ಒಂದು ಹಿಡಿ ತಂದು ಯಂತ್ರಕ್ಕೆ ಕೊಟ್ಟೆ. ಕಲ್ಲುಪುಡಿಯ ಮೊನೆ ಎಲ್ಲಕ್ಕಿಂತ ಎತ್ತರಕ್ಕೆ ನಿಂತಿತು.

"ಟೆಸ್ಟ್‌ಗೆ ಅಂತಾನೇ ಬೇರೆ ಅಂಗಡಿಯಿಂದ ಫಸ್ಟ್ ಕ್ಲಾಸ್ ಮೂಟೆ ತರ್ಸಿದ್ದೆ ಸಾರ್," ಎಂದ ಮುನಿರಾಜು. "ಫೋಟೋ ತೆಗೆಸ್ಕೊಳೋಕೆ ಹೋಗ್ವಾಗ ಒಳ್ಳೆ ಶರ್ಟ್ ಹಾಕಲ್ವಾ?"

ಮುಖದಲ್ಲಿ ಅಳುಕಿರಲಿಲ್ಲ. ಪಟ್ಟ ಶ್ರಮಕ್ಕೆ ಬೆಲೆ ಸಿಗಲಿಲ್ಲವೆಂಬ ಬೇಸರವಿತ್ತು. ನಾನೇನು ಮೇಲು? ನನ್ನ ವರದಿಯ ಕೊನೆಯಲ್ಲಿ, ಗ್ರಾಹಕರು ಕೊಟ್ಟ ಮಾದರಿಗೆ ಮಾತ್ರ ಅನ್ವಯ ಎಂದು ಇರುವೆಯಂಥ ಅಕ್ಷರಗಳಲ್ಲಿ ಅಚ್ಚಾಗಿತ್ತು. ಆ ಸಾಲಿನ ಕೆಳಗೆ ನಾನು ಕ್ಷೇಮವಾಗಿದ್ದೆ. ಸಲೀಂ ಭಾಯ್ ತಾರಸಿಯ ಕೆಳಗಿದ್ದರು.

ಇವತ್ತು ಮಧ್ಯಾಹ್ನ, ಉಪ್ಪಿನಕಾಯಿ ಬಾಟಲಿ ಬಂದಿದ್ದ ಹೊಸ ತಿಪ್ಪಸಂದ್ರದ ಕಟ್ಟಡಕ್ಕೇ ಹೋದೆ.

"ಸ್ಯಾಂಪಲ್ ಕಳಿಸಿದ್ವಲ್ಲ, ನೀವ್ಯಾಕ್ ಸಾರ್ ಬಂದ್ರಿ?" ಎಂದ ಅಲ್ಲಿನ ಕಂಟ್ರಾಕ್ಟರ್. "ಮಿಕ್ಸರ್ ಬಂದ್ಬಿಟ್ಟಿದೆ. ರಿಪೋರ್ಟ್ ಆಮೇಲೆ ಕೊಡಿ, ಪರವಾಗಿಲ್ಲ."

"ಈ ಮೂಟೆಗಳಿಂದ ಸ್ಯಾಂಪಲ್ ನಾನೇ ತಗೋತೀನಿ. ರಿಸಲ್ಟ್ ಬರೋವರೆಗೂ ಮೋಲ್ಡಿಂಗ್ ಬೇಡ."

ಅವನು ನಕ್ಕ. ಆಳುಗಳಿಗೆ ಕೈಸನ್ನೆ ಮಾಡಿದ; ಮಿಕ್ಸರ್ ತಿರುಗತೊಡಗಿತು. ನನಗೆ ಬೇರೇನೂ ತೋಚಲಿಲ್ಲ; ಹೋಗಿ ಮೂಟೆಗಳ ಮೇಲೆ ಕೂತುಬಿಟ್ಟೆ. ಅವನು ಫೋನು ಹಚ್ಚಿ, "ಯಾರೋ ಹುಚ್ಚ ಬಂದು ಸಿಮೆಂಟ್ ಮೇಲೆ ಕೂತವ್ನೆ ಗುರು!" ಎಂದು ಕೂಗಿದ.

ಮಿಕ್ಸರ್ ನಿಂತಿತು.