ಆ ಗೋಡೆಗೆ ಏನೂ ಆಗಿರಲಿಲ್ಲ

ಆ ಗೋಡೆಗೆ ಏನೂ ಆಗಿರಲಿಲ್ಲ. ಬಿರುಕಿಲ್ಲ, ತೇವವಿಲ್ಲ, ಗೆದ್ದಲಿಲ್ಲ. ಇಂಜಿನಿಯರ್ ಹುಡುಗ ಬಂದು, ಬೆರಳ ಗಂಟಿನಿಂದ ನಾಲ್ಕು ಕಡೆ ತಟ್ಟಿ ನೋಡಿ, "ಮೇಡಂ, ಒಡೀಲೇಬೇಕು ಅಂದ್ರೆ ಒಡೀಬಹುದು, ಮೇಲೆ ಬೀಮ್ ಕೊಡಬೇಕಾಗುತ್ತೆ. ಆದ್ರೆ ಗೋಡೆ ಗಟ್ಟಿಯಾಗಿದೆ" ಎಂದಿದ್ದ. ಮನೆಯಲ್ಲಿ ಆಗ ನಾನೊಬ್ಬಳೇ ಇದ್ದೆ. ಸಂಜೆ ಗಂಡನಿಗೂ ಅವರ ಅಕ್ಕ ಶಾರದಕ್ಕನಿಗೂ ನಾನು ಹೇಳಿದ್ದು ಬೇರೆಯೇ — "ಬರೋ ಮಳೆಗಾಲಕ್ಕೆ ಈ ಗೋಡೆ ನಿಲ್ಲಲ್ವಂತೆ."

ಇದು ನಾನು ಹೇಳಿದ ಮೊದಲ ಸುಳ್ಳು. ಎರಡನೆಯದು ಇದಕ್ಕಿಂತ ಕೆಟ್ಟದ್ದು. ಅದಕ್ಕೂ ಬರುತ್ತೇನೆ.

ರವೀಂದ್ರನಗರದ ಈ ಮನೆಯನ್ನು ಕಟ್ಟಿಸಿದ್ದು ನನ್ನ ಮಾವ. ಹಾಲ್ ಮತ್ತು ಅಡುಗೆಮನೆಯ ನಡುವೆ ಒಂದು ಸಣ್ಣ ಕೋಣೆ. ಅದು ಶಾರದಕ್ಕನದು; ಆ ಗೋಡೆ ಅದನ್ನು ಹಾಲ್‌ನಿಂದ ಬೇರೆ ಮಾಡುತ್ತಿತ್ತು. ಅವರನ್ನು ಭದ್ರಾವತಿಗೆ, ಕಾರ್ಖಾನೆಯಲ್ಲಿ ಕೆಲಸವಿದ್ದವರಿಗೆ ಕೊಟ್ಟಿದ್ದರು. ಎರಡು ಕೋಣೆಯ ಕ್ವಾರ್ಟರ್ಸಿನಲ್ಲಿ ಎಂಟು ಜನ. ಬಾಗಿಲ ಜಾಗದಲ್ಲೆಲ್ಲ ಹಳೆಯ ಸೀರೆಯ ಪರದೆ. ಗಂಡ ತೀರಿಹೋದ ಮೇಲೆ, ಮಕ್ಕಳಿಲ್ಲದ ಅವರನ್ನು ಮಾವ ಕರೆತಂದು ಆ ಕೋಣೆ ಕೊಟ್ಟರು. ಮಾವ ಹೋದ ಮೇಲೆ ಮನೆಯನ್ನು ತಮ್ಮನ ಹೆಸರಿಗೆ ಬಿಟ್ಟುಕೊಡುವ ಪತ್ರಕ್ಕೆ ಸಹಿ ಹಾಕುವಾಗ ಶಾರದಕ್ಕ ಕೇಳಿದ್ದು ಒಂದೇ ಮಾತು: "ನಾನಿರೋ ತನಕ ಆ ಕೋಣೆ ನಂದು." ನನ್ನ ಗಂಡ ರಮೇಶ ಕೈಮೇಲೆ ಕೈಯಿಟ್ಟು ಹೂಂ ಎಂದಿದ್ದರು. ನಾನು ಪಕ್ಕದಲ್ಲೇ ನಿಂತಿದ್ದೆ.

ಅವರೊಮ್ಮೆ, ಅವರೆಕಾಳು ಬಿಡಿಸುತ್ತ ನನ್ನೊಡನೆ ಹೇಳಿದ್ದರು: "ಆ ಕ್ವಾರ್ಟರ್ಸಲ್ಲಿ ನಂಗೆ ಅಳೋಕೂ ಒಂದು ಜಾಗ ಇರ್ಲಿಲ್ಲ ಕಣೆ ವೀಣಾ." ಹಾಗಾಗಿ ನನಗೆ ಗೊತ್ತಿರಲಿಲ್ಲ ಎಂದು ಹೇಳುವ ಹಾಗಿಲ್ಲ. ಗೊತ್ತಿತ್ತು. ಎಲ್ಲ ಗೊತ್ತಿದ್ದೇ —

ಶಾರದಕ್ಕ ದೇವತೆಯೇನಲ್ಲ, ಇದನ್ನೂ ಹೇಳಿಬಿಡಬೇಕು. ಕೋಣೆಯೊಳಗಿಂದಲೇ "ಒಗ್ಗರಣೆ ಸೀದೋಯ್ತು" ಎನ್ನುತ್ತಿದ್ದರು. ನನ್ನ ತವರಿನವರು ಬಂದರೆ ಚಿಲಕ ಹಾಕಿಕೊಂಡು ರೇಡಿಯೊ ಹಚ್ಚುತ್ತಿದ್ದರು. ನಾನು ತಂದ ಸೀರೆಯನ್ನು ಮುಟ್ಟಿ ನೋಡಿ, ಏನೂ ಹೇಳದೆ ಮಡಚಿಡುತ್ತಿದ್ದರು — ಆ ಮೌನಕ್ಕೆ ನಾನು ಎಷ್ಟು ಸಲ ಹಲ್ಲು ಕಚ್ಚಿದ್ದೇನೋ. ಇವತ್ತಿಗೂ ನನಗೆ ಅವರ ಮೇಲೆ ಪ್ರೀತಿಯಿಲ್ಲ. ಪಶ್ಚಾತ್ತಾಪ ಪಡುವವರೆಲ್ಲ ಕೊನೆಗೆ ಪ್ರೀತಿಸಲು ಕಲಿತರು ಎಂದು ಬರೆಯುವುದು ಸುಲಭ. ನಾನು ಕಲಿಯಲಿಲ್ಲ.

ಆದರೆ ಗೋಡೆ ಒಡೆಸಿದ್ದು ಒಗ್ಗರಣೆಯ ಮಾತಿಗಲ್ಲ. ನನ್ನ ಮಗಳು ಮೇಘನಾ ಆಗ ಎಂಟನೇ ಕ್ಲಾಸು. ನಾನು ಕೋಟೆಯ ಹತ್ತಿರ ಒಂದು ಶಾಲೆಯ ಆಫೀಸಿನಲ್ಲಿ ಗುಮಾಸ್ತೆ. ಬರುವಷ್ಟರಲ್ಲಿ ಆರು ಗಂಟೆ. ಅವಳು ಮೊದಲ ಸಲ ಮುಟ್ಟಾದಾಗ ಹೋಗಿ ಹೇಳಿದ್ದು ಅವಳ ಶಾರದತ್ತೆಗೆ. ಆ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು. ಮೂರು ದಿನ ನನಗೆ ಗೊತ್ತೇ ಆಗಲಿಲ್ಲ. ಗೊತ್ತಾದಾಗ ಶಾರದಕ್ಕ ಸಹಜವಾಗಿ, "ನಿನ್ನ ಕಂಡ್ರೆ ಮಗು ಹೆದರುತ್ತೆ ಮಾರಾಯ್ತಿ, ನಿಧಾನಕ್ಕೆ ಹೇಳಣ ಅಂತಿದ್ದೆ" ಎಂದರು.

ನನ್ನ ಮಗಳು. ನನ್ನನ್ನು ಕಂಡರೆ ಹೆದರುತ್ತಾಳೆ. ಅದನ್ನು ನನಗೆ ಇವರು ಹೇಳಬೇಕು.

ಆ ದಿನದಿಂದ ಮುಚ್ಚಿದ ಬಾಗಿಲಿನ ಆಚೆಯ ಪಿಸುಮಾತು, ನಗು, ಎಲ್ಲವೂ ನನ್ನ ವಿರುದ್ಧವೇ ಎನಿಸತೊಡಗಿತು. ಆಗತಾನೇ ಎಲ್ಲ ಕಡೆ ಓಪನ್ ಕಿಚನ್, ಓಪನ್ ಹಾಲ್ ಎಂಬ ಮಾತು ಶುರುವಾಗಿತ್ತು. ನನ್ನ ಸಹೋದ್ಯೋಗಿಯೊಬ್ಬಳ ಹೊಸ ಮನೆಯಲ್ಲಿ ಬಾಗಿಲಿಂದಲೇ ಒಲೆ ಕಾಣುತ್ತಿತ್ತು. ಮನೆಯವರೆಲ್ಲ ಒಟ್ಟಿಗೆ ಇದ್ದ ಹಾಗೆ ಇರುತ್ತೆ, ಮಕ್ಕಳ ಮೇಲೆ ಕಣ್ಣಿರುತ್ತೆ ಎಂದಳು. ಕಣ್ಣಿರುತ್ತೆ — ನನಗೆ ಬೇಕಾಗಿದ್ದ ಮಾತು ಅದೊಂದೇ.

ರಮೇಶ, "ಅಕ್ಕನ ರೂಮು?" ಎಂದು ಕೇಳಿದರು. ಅದಕ್ಕೇ ಆ ಸುಳ್ಳು. ಹಿತ್ತಲಲ್ಲಿ ಬೇರೆ ರೂಮ್ ಕಟ್ಟಿಸೋಣ ಎಂದೂ ಸೇರಿಸಿದೆ. ಕಟ್ಟಿಸುವ ಮನಸ್ಸು ಒಂದು ಕ್ಷಣವೂ ಇರಲಿಲ್ಲ. ಶಾರದಕ್ಕ ಎದ್ದು ಹೋಗಿ ಗೋಡೆಗೆ ಅಂಗೈ ಒತ್ತಿ ನೋಡಿದರು. "ಅಪ್ಪ ಬಿಸಿಲಲ್ಲಿ ನಿಂತು ನೀರು ಹೊಡೆಸಿದ ಗೋಡೆ ಇದು" ಎಂದರು. ಆಮೇಲೆ, "ಆಯ್ತು ಬಿಡು. ಮಗು ಓಡಾಡೋ ಜಾಗ. ಏನಾದ್ರೂ ಆದ್ರೆ?" ಎಂದು ಒಪ್ಪಿಕೊಂಡರು.

ಗೋಡೆ ಒಂದು ದಿನದಲ್ಲಿ ಬೀಳಲಿಲ್ಲ. ಮೂರು ದಿನ ಸುತ್ತಿಗೆ ಬಡಿದರು. ಅದರ ಹಿಂದೆಯೇ ಅಡುಗೆಮನೆಯ ಗೋಡೆಯನ್ನೂ ತೆಗೆಸಿ ಕಪ್ಪು ಗ್ರಾನೈಟಿನ ಕಟ್ಟೆ ಹಾಕಿಸಿದೆ. ಶಾರದಕ್ಕನ ಮಂಚ ಹಾಲ್‌ನ ಮೂಲೆಗೆ ಬಂತು. ಮೊದಲು ಒಂದು ಪರದೆ ಕಟ್ಟಿಕೊಂಡಿದ್ದರು. ಎರಡು ವಾರಕ್ಕೆ, "ಅಕ್ಕ, ಇಷ್ಟು ಖರ್ಚು ಮಾಡಿ ಮಾಡಿಸಿದ್ದು, ಪರದೆ ಚೆನ್ನಾಗಿ ಕಾಣಲ್ಲ" ಎಂದು ನಾನೇ ಬಿಚ್ಚಿದೆ. ಅಂದಿನಿಂದ ಅವರು ಸೀರೆ ಬದಲಾಯಿಸಲು ಬಚ್ಚಲಿಗೆ ಹೋಗಿ, ಒದ್ದೆ ನೆಲದ ಮೇಲೆ ನೆರಿಗೆ ಎತ್ತಿ ಹಿಡಿದು ಉಡುತ್ತಿದ್ದರು. ಮಧ್ಯಾಹ್ನ ಮಲಗುವುದನ್ನು ಬಿಟ್ಟರು. ಯಾರಾದರೂ ಗೇಟು ತೆಗೆದ ಸದ್ದಾದರೆ ಹಾಸಿಗೆ ಸುತ್ತಿ, ಮಂಚದ ತುದಿಯಲ್ಲಿ ಬಸ್ಸಿಗೆ ಕಾಯುವವರ ಹಾಗೆ ಕೂರುತ್ತಿದ್ದರು.

ಇದೆಲ್ಲ ನನಗೆ ಒಲೆಯ ಮುಂದಿನಿಂದಲೇ ಕಾಣುತ್ತಿತ್ತು. ಮನೆ ಅಷ್ಟು ಓಪನ್ ಆಗಿತ್ತು.

ಒಂದು ಭಾನುವಾರ ರಮೇಶ ಆಫೀಸಿನವರನ್ನು ಊಟಕ್ಕೆ ಕರೆದಿದ್ದರು. ಅವತ್ತು ಶಾರದಕ್ಕನಿಗೆ ಜ್ವರ. ಮಂಚದ ಮೇಲೆ ಮುಸುಕೆಳೆದು ಮಲಗಿದ್ದರು. ಬಂದವರು ತಟ್ಟೆ ಹಿಡಿದು ನಿಂತರು, ಎಲ್ಲಿ ನೋಡಬೇಕೋ ತಿಳಿಯದೆ ತಗ್ಗಿದ ದನಿಯಲ್ಲಿ ಮಾತಾಡಿದರು. ಸ್ವಲ್ಪ ಹೊತ್ತಿಗೆ ಶಾರದಕ್ಕ ಎದ್ದು ಹಿಂಬಾಗಿಲಿನಿಂದ ಹೋದರು. ಒಂದೂವರೆ ಗಂಟೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ, ಸೆರಗು ಹೊದ್ದು ಕೂತಿದ್ದರು. ಪಾಯಸ ಬಡಿಸುತ್ತ ನಾನು ಅದನ್ನು ಕಿಟಕಿಯಿಂದ ನೋಡಿದೆ. ಕರೆಯಲಿಲ್ಲ.

ಊಟಕ್ಕೆ ಬಂದವರು ಹೋದ ಮೇಲೆ ಅವರ ಬಳಿ ಹೋಗಿ ಎರಡನೇ ಸುಳ್ಳು ಹೇಳಿದೆ.

"ಇವರಿಗೆ ಇವತ್ತು ತುಂಬಾ ನಾಚಿಕೆ ಆಯ್ತಂತೆ ಅಕ್ಕ. ನೀವು ಬೇರೆ ಕಡೆ ಇದ್ರೆ ಒಳ್ಳೇದು ಅಂದ್ರು. ಅವರ ಬಾಯಲ್ಲಿ ನಿಮಗೆ ಹೇಳೋಕಾಗಲ್ಲ, ಅದಕ್ಕೆ..."

"ರಮೇಶನೇ ಅಂದ್ನಾ?"

"ಹೂಂ."

ಎರಡಕ್ಷರವೂ ಇಲ್ಲದ ಮಾತು. ಜ್ವರ ಬಿಟ್ಟ ನಾಲ್ಕನೇ ದಿನ ಅವರು ಹಳೆಯ ಪರಿಚಯದವರಿದ್ದ ಭದ್ರಾವತಿಗೆ ಹೊರಟುಹೋದರು. ರಮೇಶ ಆಗ ಕೆಲಸಕ್ಕೆ ಹೋಗಿದ್ದರು. ಸಂಜೆ ಅವರಿಗೆ, "ನಿಮ್ಮ ಅಕ್ಕನಿಗೆ ನಮ್ಮ ಜೊತೆ ಇರೋಕೆ ಇಷ್ಟ ಇಲ್ವಂತೆ. ಕರೆಯೋಕೆ ಹೋದ್ರೆ ಅವಮಾನ ಮಾಡ್ತಾರೆ, ನೋಡಿ" ಎಂದೆ. ಆದರೂ ಹೋದರು. ಶಾರದಕ್ಕ ಹೊಸ್ತಿಲಿನಲ್ಲೇ ನಿಂತು, "ಇನ್ನು ಈ ಕಡೆ ಬರಬೇಡ" ಎಂದು ಬಾಗಿಲು ಹಾಕಿದರಂತೆ. ರಮೇಶ ವಾಪಸು ಬಂದು, ಅಕ್ಕನನ್ನು ಬಾಯಿಗೆ ಬಂದ ಹಾಗೆ ಬೈದರು. ನಾನು ನೀರು ತಂದುಕೊಟ್ಟೆ.

ಒಟ್ಟಿಗೆ ಬೆಳೆದ ಆ ಅಕ್ಕ-ತಮ್ಮ ಹನ್ನೆರಡು ವರ್ಷ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಮಗಳು ಹತ್ತಿರವಾದಳೇ ಎಂದು ಕೇಳಬಹುದು. ಇಲ್ಲ. ಎಲ್ಲವೂ ಎಲ್ಲರಿಗೂ ಕೇಳಿಸುವ ಮನೆಯಲ್ಲಿ ಅವಳು ಏನನ್ನೂ ಹೇಳದಿರಲು ಕಲಿತಳು. ಫೋನ್ ಬಂದರೆ ತಾರಸಿಗೆ ಹೋಗುತ್ತಿದ್ದಳು. ಪರೀಕ್ಷೆಗೆ ಓದಲು ಗೆಳತಿಯ ಮನೆಗೆ. ಮೆಣಸಿನಕಾಯಿ ಹುರಿದರೆ ಮನೆಮಂದಿಗೆಲ್ಲ ಕೆಮ್ಮು, ಟಿವಿ ಹಾಕಿದರೆ ಮನೆಯೆಲ್ಲ ಟಿವಿ. ಗಂಡ ಹೆಂಡತಿ ಜಗಳವಾಡಬೇಕೆಂದರೂ ಮುಖದಲ್ಲೇ ಆಡಬೇಕು. ಸಂಸಾರಕ್ಕೆ ಬೆಳಕು ಬೇಕು, ಗಾಳಿ ಬೇಕು, ಸರಿ. ಬಾಗಿಲು ಹಾಕಿಕೊಳ್ಳುವ ಹಕ್ಕೂ ಬೇಕು. ಅದನ್ನು ನಾನು ಕಸಿದಿದ್ದು ಒಬ್ಬರಿಂದ ಎಂದುಕೊಂಡಿದ್ದೆ. ಎಲ್ಲರಿಂದಲೂ ಕಸಿದಿದ್ದೆ.

ಆದರೂ ಬಾಯಿ ಬಿಡಲಿಲ್ಲ. ಬಿಟ್ಟಿದ್ದು ಈ ವರ್ಷ. ಮದುವೆಯಾದ ಮೇಘನಾ ಊರಾಚೆ ಸೋಗಾನೆ ಕಡೆ ಸೈಟು ತೆಗೆದುಕೊಂಡು ಮನೆ ಕಟ್ಟಿಸುತ್ತಿದ್ದಾಳೆ. ಒಂದು ಬೆಳಗ್ಗೆ ನಕ್ಷೆ ತಂದು ಗ್ರಾನೈಟಿನ ಮೇಲೆ ಹರಡಿದಳು.

"ನಮ್ಮನೆ ತರಾನೇ ಪೂರ್ತಿ ಓಪನ್ ಅಮ್ಮ. ಒಂದೇ ಬೆಡ್‌ರೂಮ್, ನಮಗೆ."

"ನಿನ್ನ ಅತ್ತೆಗೆ?" ಎಂದೆ. ಅವಳ ಗಂಡನ ತಾಯಿ ಅವರ ಜೊತೆಗೇ ಇದ್ದಾರೆ.

"ಹಾಲಲ್ಲಿ ಒಂದು ದಿವಾನ್ ಹಾಕಿದ್ರೆ ಆಯ್ತು. ಶಾರದತ್ತೆ ಇರ್ತಿರ್ಲಿಲ್ವಾ?"

ಅವಳ ದನಿಯಲ್ಲಿ ಕೆಡುಕಿರಲಿಲ್ಲ. ಮನೆ ಎಂದರೆ ಹಾಗೇ ಇರುತ್ತದೆ ಎಂದು ತಿಳಿದವಳ ದನಿ. ಹಾಗೆ ತಿಳಿಯುವಂತೆ ಬೆಳೆಸಿದವಳು ನಾನು.

ಮಾರನೆಯ ದಿನ ಭದ್ರಾವತಿಯ ಬಸ್ಸು ಹತ್ತಿದೆ. ಶಾರದಕ್ಕ ಒಂದು ವಠಾರದ ಕೊನೆಯ ಮನೆಯಲ್ಲಿ ರವಿಕೆ ಹೊಲಿಯುತ್ತ ಕೂತಿದ್ದರು. ಕೂತ್ಕೋ ಎನ್ನಲಿಲ್ಲ. ನಿಂತೇ ಹೇಳಿದೆ, ಗೋಡೆಯದು ಮೊದಲು, ಆಮೇಲೆ ಇನ್ನೊಂದು. ಮಿಷನ್ ನಿಂತಿತು.

"ಗೋಡೆ ವಿಷಯ ಬಿಡು. ರಮೇಶ ಅಂದಿರ್ಲಿಲ್ವಾ?"

"ಇಲ್ಲ ಅಕ್ಕ. ನಾನೇ..."

"ಅವನಿಗೆ ಆಪರೇಷನ್ ಆದಾಗ ಸುದ್ದಿ ಬಂದಿತ್ತು. ಹೋಗ್ಲಿಲ್ಲ ನಾನು. ಬೇಕಾದ್ರೆ ಸಾಯ್ಲಿ ಅಂದೆ. ಈ ಬಾಯಲ್ಲೇ ಅಂದೆ ಕಣೆ." ಹೊಲಿಯುತ್ತಿದ್ದ ರವಿಕೆಯನ್ನು ಎತ್ತಿ ಪಕ್ಕಕ್ಕಿಟ್ಟರು. "ನನ್ನ ಕೈಲಿ ಅಂಥ ಮಾತು ಆಡಿಸಿದ್ಯಲ್ಲ ನೀನು."

ನನಗೆ ಅಳು ಬಂತು.

"ಇಲ್ಲಿ ಅಳಬೇಡ," ಎಂದರು. "ಅಳೋಕೆ ನಿಂಗೆ ಅಷ್ಟು ದೊಡ್ಡ ಮನೆ ಇದೆ. ಹೋಗಿ ಅವನಿಗೆ ಹೇಳು. ಮತ್ತೆ ನನ್ನ ಬಾಗಿಲಿಗೆ ಬರಬೇಡ."

ಅವತ್ತೇ ಸಂಜೆ ರಮೇಶನಿಗೆ ಹೇಳಿದೆ. ಅವರು ಕೂಗಾಡಲಿಲ್ಲ. "ನಾನು ಅವಳನ್ನ ಬೈತಿದ್ದಾಗ ನೀನು ಪಕ್ಕದಲ್ಲೇ ಇದ್ಯಲ್ಲ" ಎಂದರು. ಇದ್ದೆ ಎಂದೆ. ಬೆಳಗ್ಗೆ ಭದ್ರಾವತಿಗೆ ಹೋದರು. ಈಗ ಪ್ರತಿ ಭಾನುವಾರ ಹೋಗುತ್ತಾರೆ. ನನ್ನೊಡನೆ ಊಟಕ್ಕೆ, ಔಷಧಿಗೆ ಎಷ್ಟು ಬೇಕೋ ಅಷ್ಟೇ ಮಾತು. ಶಾರದಕ್ಕ ಈ ಮನೆಗೆ ಕಾಲಿಡುವುದಿಲ್ಲ ಎಂದಿದ್ದಾರಂತೆ. ಮೇಘನಾಳಿಗೂ ಎಲ್ಲ ಹೇಳಿದೆ. ಅವಳ ನಕ್ಷೆಯಲ್ಲಿ ಈಗ ಅತ್ತೆಗೊಂದು ಕೋಣೆ ಇದೆಯೆಂದು ಅಳಿಯನಿಂದ ತಿಳಿಯಿತು. ಅವಳಾಗಿ ಮನೆಯ ವಿಚಾರ ನನ್ನ ಹತ್ತಿರ ಎತ್ತುವುದಿಲ್ಲ.

ಮೊನ್ನೆ ಪಕ್ಕದ ರಸ್ತೆಗೆ ಹೊಸದಾಗಿ ಬಂದ ದಂಪತಿ ನಮ್ಮ ಮನೆ ನೋಡಲು ಬಂದರು. ಅವರೂ ಗೋಡೆ ತೆಗೆಸಬೇಕೆಂದಿದ್ದಾರಂತೆ. ಆ ಹೆಂಗಸು ನಡುವೆ ನಿಂತು ಸುತ್ತ ನೋಡಿ, "ಎಷ್ಟು ವಿಶಾಲವಾಗಿದೆ ಆಂಟಿ!" ಎಂದಳು.

"ಇಲ್ಲೊಂದು ಕೋಣೆ ಇತ್ತಮ್ಮ," ಎಂದೆ. "ನನ್ನ ಗಂಡನ ಅಕ್ಕನದು. ಅವರನ್ನ ಓಡಿಸೋಕೆ ಸುಳ್ಳು ಹೇಳಿ ಒಡೆಸಿದೆ."

ಅವರು ಅರ್ಧ ಕಪ್ ಟೀ ಹಾಗೇ ಬಿಟ್ಟು ಎದ್ದರು. ಇನ್ನು ಮುಂದೆ ಯಾರು ಕೇಳಿದರೂ ಇದನ್ನೇ ಹೇಳುತ್ತೇನೆ.