ಗುಂಡಿಯಕ್ಕ ಕೊಯ್ದ ಹಲಗೆ

ಬೀದಿಯವರೆಲ್ಲ ಅವಳನ್ನು ಗುಂಡಿಯಕ್ಕ ಅಂತಲೇ ಕರೆಯುತ್ತಿದ್ದರು. ಮದುವೆಯಾಗಿ ಬಂದ ಹೊಸತರಲ್ಲಿ ಅಕ್ಕಪಕ್ಕದವರ ಅಂಗಿಗಳಿಗೆ ಕಿತ್ತುಹೋದ ಗುಂಡಿ ಹಾಕಿಕೊಡುತ್ತಿದ್ದಳು. ಆಮೇಲೆ ಹೊಲಿಗೆ ಮಿಷಿನ್ ಬಂತು, ಶಾಲೆಯ ಸಮವಸ್ತ್ರ, ಪರದೆ, ದಿಂಬಿನ ಚೀಲ ಎಲ್ಲ ಬಂತು; ಹೆಸರು ಮಾತ್ರ ಅಲ್ಲೇ ನಿಂತಿತು.

ಗಂಡ ಬಡಗಿ. ಆ ಬೀದಿಯ ಅರ್ಧ ಮನೆಗಳ ಬಾಗಿಲು ಅವನ ಕೈಯವೇ. ಹೆಂಡತಿಯ ಮಿಷಿನ್ ಮಾತ್ರ ಹದಿನೆಂಟು ವರ್ಷದಿಂದ ಒಂದು ಹಳೇ ಊಟದ ಮೇಜಿನ ಮೇಲೆ ಕೂತಿತ್ತು. ಅದು ಎತ್ತರದಲ್ಲಿ, ಅವಳು ತಗ್ಗಿನಲ್ಲಿ. ಹೆಗಲು ಎತ್ತಿಕೊಂಡೇ ಹೊಲಿಯಬೇಕು. "ಮಿಷಿನ್ನು ಒಳಗಿಳಿದು ಕೂರೋ ಥರ ಒಂದು ಮೇಜು ಮಾಡ್ಕೊಡ್ರೀ" ಅಂದಾಗೆಲ್ಲ, "ಈ ಕೆಲಸ ಒಂದು ಮುಗೀಲಿ, ತಡಿಯೇ" ಅನ್ನುತ್ತಿದ್ದ.

ಹೋದ ವರ್ಷ ಅವನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಮಾತು ಒಂದೊಂದೇ ಪದವಾಗಿ, ತಿಣುಕಿ ಹೊರಬರುತ್ತಿತ್ತು. ಆಗ ಅವನು ಯಾರಿಗೋ ಒಂದು ಬೀರು ಮಾಡುತ್ತಿದ್ದ. ಅವರು ಬೇರೆ ಬಡಗಿಯನ್ನು ನೋಡಿಕೊಂಡರು. ಕೊಯ್ದು, ಉಜ್ಜಿ ಇಟ್ಟಿದ್ದ ಹಲಗೆಗಳು ನಡುಮನೆಯ ಗೋಡೆಗೆ ಒರಗಿ ಉಳಿದವು. ಎಡಗೈಯಲ್ಲೇ ದಿನಾ ಅವುಗಳ ಧೂಳು ಒರೆಸುತ್ತಿದ್ದ.

ಈಗ ಮನೆಗೆ ಅವಳ ಹೊಲಿಗೆಯೊಂದೇ ಆಸರೆ. ಅಷ್ಟರಲ್ಲಿ ಅವಳ ಹೆಗಲೂ ಕೈಕೊಟ್ಟಿತು. ತಲೆ ಬಾಚಲು ಕೂಡ ತೋಳು ಏಳದು. "ಮಿಷಿನ್ ಕೆಳಗಿಳಿಸಿ, ಇಲ್ಲಾಂದ್ರೆ ಹೊಲಿಯೋದು ಬಿಡಿ" ಎಂದು ಡಾಕ್ಟರಮ್ಮ ಕಡ್ಡಿ ಮುರಿದ ಹಾಗೆ ಹೇಳಿದರು.

ಮೂರು ದಿನ ಗಂಡನನ್ನು ಕೇಳಿದಳು.

"ರೀ, ಆ ಹಲಗೆ ತಗೊಳ್ಳಲಾ?"

"ಬೇಡ."

"ಸುಮ್ನೆ ನಿಂತಿದಾವಲ್ಲ."

"ಬೀರು... ಮಾಡ್ತೀನಿ."

ನಾಲ್ಕನೆಯ ದಿನ ಬೆಳಿಗ್ಗೆ ಕೇಳಲು ಹೋಗಲಿಲ್ಲ. ಎರಡು ಹಲಗೆ ಇಳಿಸಿ ನೆಲದ ಮೇಲೆ ಮಲಗಿಸಿದಳು. ಅವನು ಎಡಗೈಗೆ ಸಿಕ್ಕಿದ ಸ್ಕ್ರೂ ಡಬ್ಬಿಯನ್ನು ಗೋಡೆಗೆ ಬೀಸಿದ. ಮಂಚದಡಿಯವರೆಗೂ ಉರುಳಿದ ಸ್ಕ್ರೂಗಳನ್ನು ಒಂದೊಂದೇ ಹೆಕ್ಕಿ ತುಂಬಿಟ್ಟು, ಅವಳು ಅವನ ಗರಗಸ ಎತ್ತಿಕೊಂಡಳು.

ಅವಳಿಗೆ ಗೊತ್ತಿದ್ದದ್ದು ಬಟ್ಟೆ. ಹಳೇ ಪೇಪರಿನಲ್ಲಿ ಮಿಷಿನ್ನಿನ ಬುಡದ ಅಳತೆ ಕತ್ತರಿಸಿ, ಹಲಗೆಯ ಮೇಲಿಟ್ಟು, ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದಳು. ಆಮೇಲೆ ಅರ್ಧ ಅಂಗುಲ ಆಚೆಗೆ ಇನ್ನೊಂದು ಗೆರೆ. ಅಂಗಿ ಕತ್ತರಿಸುವಾಗ ಹೊಲಿಗೆಗೆಂದು ಬಿಟ್ಟುಕೊಳ್ಳುತ್ತಾರಲ್ಲ, ಹಾಗೆ; ಕೈ ತಾನಾಗಿಯೇ ಎಳೆದಿತ್ತು. ಕುರ್ಚಿಯಲ್ಲಿ ಕೂತ ಗಂಡ ಕಣ್ಣು ಕೀಳದೆ ನೋಡುತ್ತಿದ್ದ. ಎರಡು ದಿನ ಆ ಹೊರಗೆರೆಯ ಮೇಲೆಯೇ ಕೊಯ್ದಳು. ಅಂಗೈಯಲ್ಲಿ ಬೊಬ್ಬೆ ಎದ್ದವು.

ಹಲಗೆಗೆ ಕಾಲು ಜೋಡಿಸಿ, ಮಿಷಿನ್ ಎತ್ತಿ ಇಳಿಸಿದರೆ ತೂತು ಬುಡಕ್ಕಿಂತ ದೊಡ್ಡದು; ಮಿಷಿನ್ ಕೂರಲೇ ಇಲ್ಲ, ಸೀದಾ ಕೆಳಕ್ಕೆ ಜಾರಿತು. ತೊಡೆ ಒಡ್ಡಿ ತಡೆದಳು. ಎರಡು ಬೆರಳು ಜಜ್ಜಿದವು. ನೋವಿಗೆ ಮುಖ ಎತ್ತಿದಾಗ ಗಂಡನ ಮುಖ ಕಂಡಿತು. ಅಲ್ಲಿ ಆಶ್ಚರ್ಯವೇ ಇರಲಿಲ್ಲ.

"ನಿಮಗೆ ಗೊತ್ತಿತ್ತಾ?"

ಅವನು ಕಿಟಕಿಯ ಕಡೆ ತಿರುಗಿದ.

"ಹೇಳ್ರೀ, ಗೆರೆ ಎಳೆಯುವಾಗಲೇ ಗೊತ್ತಿತ್ತಾ?"

"ಗೊ... ಗೊತ್ತಿತ್ತು."

"ಒಂದು ಮಾತು ಹೇಳಬಾರದಿತ್ತಾ? ಒಂದೇ ಒಂದು ಮಾತು?"

"ಬೀರು... ನಂದು."

ಅವಳು ನೆಲದ ಮೇಲೆ, ಮರದ ಹೊಟ್ಟಿನ ನಡುವೆ ಕೂತುಬಿಟ್ಟಳು. "ನಿಮ್ಮ ಕೈ ಸರಿಹೋಗಲ್ಲ ಅಂತ ನಾನು ಯಾವತ್ತಾದ್ರೂ ಅಂದಿದೀನಾ? ನನ್ನ ಕೈನೂ ಹೋದ್ರೆ ಆಮೇಲೆ ಇಬ್ರಿಗೂ ಅನ್ನ ಕಲಸಿಕೊಡೋರು ಯಾರು?" ಆ ದಿನ ಇಬ್ಬರೂ ಊಟ ಮಾಡಲಿಲ್ಲ. ಮರುದಿನ ಅವಳು ಮಿಷಿನ್ನನ್ನು ಮತ್ತೆ ಹಳೇ ಮೇಜಿಗೇ ಏರಿಸಿದಳು.

ಅದರ ಮರುದಿನ ಬೆಳಿಗ್ಗೆ ಅವಳು ನೀರು ಹಿಡಿದು ಒಳಗೆ ಬಂದಾಗ ಬೀರುವಿನ ಬಾಗಿಲಿಗೆಂದು ಇಟ್ಟಿದ್ದ ಅಗಲದ ಹಲಗೆ ನೆಲದ ಮೇಲಿತ್ತು. ಅವನು ಕುರ್ಚಿಯಿಂದ ಇಳಿದು, ಗೋಡೆಗೆ ಆತುಕೊಂಡು ಕೂತು, ಎಡಗೈಯಲ್ಲಿ ಪೆನ್ಸಿಲ್ ಹಿಡಿದಿದ್ದ. ಸೊಟ್ಟಸೊಟ್ಟಾಗಿ ನಾಲ್ಕು ಗೆರೆ ಎಳೆದಾಗಿತ್ತು.

"ಒಳಗೆ," ಅಂದ. "ಗೆರೆ... ಒಳಗೆ ಕೊಯ್ಯಿ."

ಕ್ಷಮಿಸು ಅನ್ನಲಿಲ್ಲ. ಅವಳೂ ಕೇಳಲಿಲ್ಲ. ಹದಿನೈದು ದಿನ ಅವನು ಬೈದ, ಅವಳು ಕೊಯ್ದಳು. ಕಬ್ಬಿಣದ ಕೀಲು, ಮಡಚುವ ಮುಚ್ಚಳ, ನೂಲಿನುಂಡೆಗೊಂದು ಡ್ರಾ. ಡ್ರಾ ಅರ್ಧಕ್ಕೆ ಬಂದು ಸಿಕ್ಕಿಕೊಳ್ಳುತ್ತದೆ. ಮುಚ್ಚಳದಲ್ಲಿ ಒಂದು ಬೆರಳು ತೂರುವಷ್ಟು ಸಂದು. ಆದರೆ ಮಿಷಿನ್ ಹಲಗೆಯ ಮಟ್ಟಕ್ಕೆ ಸರಿಯಾಗಿ ಕೂತಿತು. ಹೆಗಲಿನ ನೋವು ಪೂರ್ತಿ ಹೋಗಲಿಲ್ಲ, ತೋಳು ಮಾತ್ರ ತಲೆ ಬಾಚುವಷ್ಟು ಏಳತೊಡಗಿತು.

ಪರದೆ ಹೊಲಿಸಲು ಬಂದ ಟೀಚರಮ್ಮ ಮೇಜನ್ನು ಸವರಿ ನೋಡಿ, "ಯಜಮಾನ್ರು ಮಾಡಿದ್ದಾ?" ಎಂದರು. ಒಳಗೆ ಮಲಗಿದ್ದ ಗಂಡನಿಗೆ ಕೇಳಿಸಲಿ ಎಂದು ಅವಳು ಸ್ವಲ್ಪ ಜೋರಾಗಿಯೇ "ಹೂಂ, ಅವರದೇ" ಅಂದಳು.

ಒಳಗಿನಿಂದ ದನಿ ಬಂತು. "ಅಲ್ಲ. ಅವಳು."

ಅದು ಮೆಚ್ಚುಗೆಯೋ, ಇಂಥ ಸಂದುಬಿಟ್ಟ ಕೆಲಸ ತನ್ನ ತಲೆಗೆ ಕಟ್ಟಬೇಡಿ ಅನ್ನುವ ಬಡಗಿಯ ಬಿಗುಮಾನವೋ ಅವಳಿಗೆ ತಿಳಿಯಲಿಲ್ಲ. ಕೇಳಿದರೆ ಅವನು ಹೇಳುವವನೂ ಅಲ್ಲ. ಅವಳು ಟೇಪು ಬಿಚ್ಚಿ, ಟೀಚರಮ್ಮನಿಗೆ ಕಿಟಕಿಯ ಅಳತೆ ಕೇಳಿದಳು.